ಇಬ್ಬನಿಯ ಲೆಕ್ಕ ಶೇಕಡಾದಲ್ಲಿಲ್ಲ

ಹಿರೇಕೆರೂರು ಸೀಮೆಯಲ್ಲಿ ಗೋವಿನಜೋಳದ ರಾಶಿಯ ಹೊತ್ತಿಗೆ ಮುಂಗಾರು ಹಿಂದೆ ಸರಿದು, ಇಬ್ಬನಿ ಶುರುವಾಗಿರುತ್ತದೆ. ಕಣದಲ್ಲೋ ರಸ್ತೆಯ ಅಂಚಿನಲ್ಲೋ ಹರವಿದ ಕಾಳು ಹಗಲೆಲ್ಲ ಒಣಗಿದರೂ, ರಾತ್ರಿ ಮುಚ್ಚದೆ ಬಿಟ್ಟರೆ ಬೆಳಗಿಗೆ ಮೇಲ್ಪದರ ಮತ್ತೆ ತೇವ. ಹಿಂದಿನ ಮಧ್ಯಾಹ್ನ ಮೊಬೈಲು ‘ಆರ್ದ್ರತೆ ಶೇ. 40’ ಎಂದು ತೋರಿಸಿರಬಹುದು. ಗಾಳಿ ಒಣಗಿದೆ ಎಂಬ ಆ ಮಾತು ಮಧ್ಯಾಹ್ನಕ್ಕಷ್ಟೇ ಸರಿ. ಕಾಳು ಮುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇಕಾದದ್ದು ಇಬ್ಬನಿ ಬಿಂದು.

ಒಂದು ಘನ ಮೀಟರ್ ಜಾಗದಲ್ಲಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು. 20 ಡಿಗ್ರಿಯಲ್ಲಿ 17 ಗ್ರಾಂ, 15 ಡಿಗ್ರಿಯಲ್ಲಿ 13 ಗ್ರಾಂ ಮಾತ್ರ. ಇರಬಹುದಾದ ಆವಿಯಲ್ಲಿ ಈಗ ಎಷ್ಟು ಪಾಲು ಇದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಮಧ್ಯಾಹ್ನದ 30 ಡಿಗ್ರಿಯಲ್ಲಿ ಶೇ. 40 ಎಂದರೆ ಸುಮಾರು 12 ಗ್ರಾಂ ಆವಿ. ರಾತ್ರಿ ಅದೇ ಗಾಳಿ 20 ಡಿಗ್ರಿಗೆ ತಣಿದರೆ, ಹನಿ ನೀರೂ ಸೇರದೆ, ಆರ್ದ್ರತೆ ಶೇ. 73ಕ್ಕೆ ಏರುತ್ತದೆ. ತಣಿಯುವ ಗಾಳಿ ತುಸು ಕುಗ್ಗುವುದನ್ನೂ ಲೆಕ್ಕಕ್ಕೆ ಹಿಡಿದರೆ, 15 ಡಿಗ್ರಿಯ ಹೊತ್ತಿಗೆ ಅದು ಶೇ. 100 ತಲುಪುತ್ತದೆ. ಈ 15 ಡಿಗ್ರಿಯೇ ಆ ಗಾಳಿಯ ಇಬ್ಬನಿ ಬಿಂದು. ಶೇಕಡಾ ಗಂಟೆಗಂಟೆಗೂ ಬದಲಾಗುತ್ತದೆ; ಹೊಸ ಗಾಳಿ ಬೀಸಿ ಬರದಿದ್ದರೆ ಇಬ್ಬನಿ ಬಿಂದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಬೆಳಗಿನ ಉಷ್ಣತೆ 17ಕ್ಕಿಂತ ಕೆಳಗಿಳಿಯದಿದ್ದರೂ ಇಬ್ಬನಿ ಬಿದ್ದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಉತ್ತರ 1814ರಲ್ಲೇ ಸಿಕ್ಕಿದೆ. ಆ ವರ್ಷ ಪ್ರಕಟವಾದ ಇಬ್ಬನಿಯ ಕುರಿತ ಪ್ರಬಂಧದಲ್ಲಿ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ವಿವರಿಸಿದಂತೆ, ನಿರಭ್ರ ರಾತ್ರಿ ಹುಲ್ಲು, ಎಲೆಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತವೆ. ಉಷ್ಣಮಾಪಕ ಇರುವುದು ನೆಲದಿಂದ ಒಂದು ಮೀಟರಿಗೂ ಮೇಲೆ, ಗೂಡಿನೊಳಗೆ, ಕಾಳು ಬಯಲಲ್ಲಿ. ಮೋಡ ಕವಿದರೆ ಅಥವಾ ಗಾಳಿ ಬೀಸಿದರೆ ನೆಲ ಅಷ್ಟು ತಣಿಯದು. ಹಾಗಾಗಿ ಇಬ್ಬನಿ ಬಿಂದುವಿನ ಜೊತೆ ಆಕಾಶವನ್ನೂ ನೋಡಬೇಕು. ತಾಡಪತ್ರಿ ಹೊದಿಸಿದರೆ ತಣಿಯುವ ಕೆಲಸ ಅದರ ಪಾಲಿಗೆ ಹೋಗುತ್ತದೆ: ಹನಿ ಕೂರುವುದು ಅದರ ಮೇಲೆ. ಆದರೆ ಹಸಿ ಕಾಳಿನಿಂದ ಏಳುವ ಆವಿ ಅದರ ಒಳಮೈಗೂ ಅಂಟುವುದರಿಂದ, ಬಿಸಿಲೇರಿದ ಮೇಲೆ ತೆಗೆದು ಗಾಳಿಯಾಡಿಸಲೇಬೇಕು.

ಹಾಗಾದರೆ ಶೇಕಡಾ ವ್ಯರ್ಥವೇ? ಖಂಡಿತ ಅಲ್ಲ. ಕಾಳು ಒಣಗುವುದು ಸಾಪೇಕ್ಷ ಆರ್ದ್ರತೆಗೆ ತಕ್ಕಂತೆಯೇ. ಗಾಳಿ ಶೇ. 75ರ ಆಸುಪಾಸಿನಲ್ಲೇ ನಿಂತರೆ ಗೋವಿನಜೋಳದ ತೇವಾಂಶ ಸುಮಾರು ಶೇ. 14ಕ್ಕೆ ಬಂದು ನಿಲ್ಲುತ್ತದೆ, ಎಷ್ಟು ದಿನ ಹರವಿದರೂ ಅದಕ್ಕಿಂತ ಒಣಗದು. ಯಾವ ಹೊತ್ತಿಗೆ ಹರವಬೇಕೆಂಬುದಕ್ಕೆ ಶೇಕಡಾ ಸಾಕು; ಯಾವ ರಾತ್ರಿ ಮುಚ್ಚಬೇಕೆಂಬುದಕ್ಕೆ ಸಾಲದು.

ಇಬ್ಬನಿ ಬಿಂದುವನ್ನು ಕಣದ ನೆರಳಲ್ಲೇ ಅಳೆಯಬಹುದು. ಒಣಗಿದ ಸ್ಟೀಲ್ ಲೋಟದಲ್ಲಿ ನೀರು, ಅದರಲ್ಲೊಂದು ಉಷ್ಣಮಾಪಕ. ಐಸ್ ಚೂರುಗಳನ್ನು ಒಂದೊಂದಾಗಿ ಹಾಕಿ ಕಲಕುತ್ತ ಹೋಗಿ. ಲೋಟದ ಹೊರಮೈ ಮೊದಲು ಮಸುಕಾದಾಗಿನ ಉಷ್ಣತೆಯೇ ಹೆಚ್ಚುಕಡಿಮೆ ಇಬ್ಬನಿ ಬಿಂದು. ಅದು 15 ಆಗಿದ್ದು, ನಿನ್ನೆ ಮೊನ್ನೆಯ ಬೆಳಗಿನ ಚಳಿಯೂ 16–17ರ ಹತ್ತಿರವಿದ್ದು, ಆಕಾಶ ತಿಳಿಯಾಗಿದ್ದರೆ ಸಂಜೆಯೇ ತಾಡಪತ್ರಿ ಎಳೆಯುವುದು ಒಳ್ಳೆಯದು. ಎಂಟಕ್ಕಿಳಿದರೂ ಲೋಟ ಮಸುಕಾಗದಿದ್ದರೆ, ಬೆಳಗಿನ ಚಳಿ ಅದರ ಹತ್ತಿರಕ್ಕೂ ಇಳಿಯದ ದಿನಗಳಲ್ಲಿ ಇಬ್ಬನಿಯ ಭಯವಿಲ್ಲ.