ರೋಬೋಟ್ ಮೇಷ್ಟ್ರ ಸ್ವಭಾವ

ಮಾತು, ನೋಟ, ಕೈಸನ್ನೆಗಳಿಂದ ಮನುಷ್ಯರೊಡನೆ ಬೆರೆಯುವಂತೆ ರೂಪಿಸಿದ ಯಂತ್ರವೇ ಸಾಮಾಜಿಕ ರೋಬೋಟ್. ಶಾಲೆಗಳ ಪ್ರಯೋಗಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಫ್ರಾನ್ಸಿನಲ್ಲಿ ಹುಟ್ಟಿದ, 58 ಸೆಂಟಿಮೀಟರ್ ಎತ್ತರದ ‘ನಾವೋ’. ಅದರ ಮುಖ ಅಲುಗಾಡುವುದಿಲ್ಲ, ಒಳಗೆ ಮನಸ್ಸೆಂಬುದೂ ಇಲ್ಲ. ಆದರೂ ಅದರೆದುರು ಸ್ವಲ್ಪ ಹೊತ್ತು ಕುಳಿತ ಮಗು ‘ಇದು ಚೂಟಿ’, ‘ಇದಕ್ಕೆ ನಾಚಿಕೆ’ ಎಂದು ತೀರ್ಮಾನಿಸಿಬಿಡುತ್ತದೆ.

ಈ ತೀರ್ಮಾನಕ್ಕೆ ಆಧಾರ ತೀರಾ ಸಣ್ಣ ಸಂಗತಿಗಳು. ದನಿ ಜೋರಾಗಿ, ಮಾತು ಬಿರುಸಾಗಿ, ಕೈ ಅಗಲವಾಗಿ ಬೀಸುತ್ತಿದ್ದರೆ ರೋಬೋಟ್ ಬಹಿರ್ಮುಖಿ ಅನ್ನಿಸುತ್ತದೆ. ಮೆಲುದನಿ, ನಿಧಾನದ ಉತ್ತರ, ಚಿಕ್ಕ ಸನ್ನೆಗಳಿದ್ದರೆ ಅಂತರ್ಮುಖಿ. ವೇಷವೂ ತನ್ನ ಕೆಲಸ ಮಾಡುತ್ತದೆ. 2024ರಲ್ಲಿ ತಿರುವನಂತಪುರದ ಶಾಲೆಯೊಂದಕ್ಕೆ ಬಂದ ‘ಐರಿಸ್’ ಸೀರೆ ಉಟ್ಟು ಹೆಣ್ಣುದನಿಯಲ್ಲಿ ಮಾತಾಡುತ್ತಿತ್ತು. ಅದು ಬಾಯಿ ತೆರೆಯುವ ಮೊದಲೇ ‘ಟೀಚರ್’ ಅನ್ನಿಸಲಿ ಎಂಬುದು ಆ ಅಲಂಕಾರದ ಉದ್ದೇಶವೆನ್ನಲು ಅಡ್ಡಿಯಿಲ್ಲ.

ಇಂಥ ಅನಿಸಿಕೆಯನ್ನು ಅಳೆಯಲು ಸಂಶೋಧಕರು ಸಾಮಾನ್ಯವಾಗಿ ಪ್ರಶ್ನಾವಳಿ ಕೊಡುತ್ತಾರೆ. ದೊಡ್ಡವರ ಮಟ್ಟಿಗೆ ಅದು ಸರಿ. ಚಿಕ್ಕ ಮಕ್ಕಳಾದರೋ ಇಷ್ಟವಾದದ್ದಕ್ಕೆಲ್ಲ ಪೂರ್ತಿ ಅಂಕ ಕೊಟ್ಟು ಮುಗಿಸುತ್ತಾರೆ. ಹಾಗಾಗಿ ಮಗು ಎಷ್ಟು ಹೊತ್ತು ರೋಬೋಟಿನ ಕಡೆ ನೋಡಿತು, ತಾನಾಗಿ ಮಾತಾಡಿಸಿತೇ ಎಂಬುದನ್ನೂ ಗಮನಿಸಬೇಕಾಗುತ್ತದೆ.

ಯಾರಿಗೆ ಎಂಥ ಸ್ವಭಾವ ಹಿಡಿಸುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಜನ ತಮ್ಮಂಥದೇ ಸ್ವಭಾವದ ಕಂಪ್ಯೂಟರನ್ನು ಮೆಚ್ಚುತ್ತಾರೆ ಎಂದು 1990ರ ದಶಕದಲ್ಲಿ ಸಂಶೋಧಕ ಕ್ಲಿಫರ್ಡ್ ನ್ಯಾಸ್ ಮತ್ತು ಸಂಗಡಿಗರು ತೋರಿಸಿದ್ದರು. ಸೋನಿಯ ನಾಯಿ ರೋಬೋಟ್ ‘ಐಬೋ’ ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ತಿರುಗುಮುರುಗಾಯಿತು: ಅಲ್ಲಿ ಜನರಿಗೆ ಹಿಡಿಸಿದ್ದು ತಮಗೆ ವಿರುದ್ಧ ಸ್ವಭಾವದ ನಾಯಿ.

ಹಿಡಿಸಿದ ಮಾತ್ರಕ್ಕೆ ಪಾಠ ಹತ್ತುತ್ತದೆಯೇ? ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಅವಿಭಾಜ್ಯ ಸಂಖ್ಯೆಗಳನ್ನು ಗುರುತಿಸಲು ರೋಬೋಟಿನಿಂದ ಹೇಳಿಕೊಡಿಸಿದರು. ಒಂದು ಗುಂಪಿನ ರೋಬೋಟ್ ಮಗುವಿನತ್ತ ನೋಡುತ್ತಾ ಸ್ನೇಹದಿಂದ ನಡೆದುಕೊಳ್ಳುತ್ತಿತ್ತು; ಇನ್ನೊಂದರದು ಅಂಥ ಒಡನಾಟವಿಲ್ಲದೆ ಪಾಠವನ್ನಷ್ಟೇ ಒಪ್ಪಿಸುತ್ತಿತ್ತು. ಹೆಚ್ಚು ಕಲಿತವರು ಎರಡನೆಯ ಗುಂಪಿನವರು. ರೋಬೋಟಿನ ಹಾವಭಾವವೇ ಮಕ್ಕಳ ಗಮನವನ್ನು ಲೆಕ್ಕದಿಂದ ಸೆಳೆದುಕೊಂಡಿರಬಹುದು. ಮೋಹಕ ಮೇಷ್ಟ್ರೆಲ್ಲ ಒಳ್ಳೆಯ ಮೇಷ್ಟ್ರಲ್ಲ ಎಂಬುದು ಮನುಷ್ಯರ ವಿಷಯದಲ್ಲಿ ಗೊತ್ತೇ ಇತ್ತು.

ಇದಕ್ಕಿಂತ ಕುತೂಹಲದ್ದು ದಡ್ಡ ರೋಬೋಟಿನ ಪ್ರಯೋಗ. ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ನಡೆದ ‘ಕೋರೈಟರ್’ ಯೋಜನೆಯಲ್ಲಿ ನಾವೋ ಅಕ್ಷರಗಳನ್ನು ಸೊಟ್ಟಸೊಟ್ಟಗೆ ಬರೆಯುತ್ತದೆ, ಮಗು ತಿದ್ದಿ ಕಲಿಸುತ್ತದೆ. ತನ್ನ ಕೈಬರಹವೇ ಚೆನ್ನಾಗಿಲ್ಲವೆಂದು ಮುದುಡುತ್ತಿದ್ದ ಮಗುವಿಗೆ ಇಲ್ಲಿ ಸಿಗುವುದು ಗುರುವಿನ ಸ್ಥಾನ. ಕಲಿಸುವ ನೆಪದಲ್ಲಿ ಅದು ತಾನೇ ಬರೆದು ಅಭ್ಯಾಸ ಮಾಡುತ್ತದೆ. ತಪ್ಪು ಮಾಡುವ, ಸಹಾಯ ಬೇಡುವ ಸ್ವಭಾವಕ್ಕೆ ತರಗತಿಯಲ್ಲಿ ಇಷ್ಟು ಬೆಲೆಯಿದೆ.

ಮೊದಲ ಆಕರ್ಷಣೆಯಾದರೂ ಎಷ್ಟು ದಿನ? ಜಪಾನಿನ ಪ್ರಾಥಮಿಕ ಶಾಲೆಯೊಂದರಲ್ಲಿ ಇಂಗ್ಲಿಷ್ ಮಾತಾಡುವ ‘ರೋಬೋವಿ’ಯನ್ನು ಮಕ್ಕಳ ನಡುವೆ ಬಿಟ್ಟ ಪ್ರಯೋಗದ ವರದಿ 2004ರಲ್ಲಿ ಬಂತು. ಆರಂಭದಲ್ಲಿ ಮುತ್ತಿಕೊಂಡ ಮಕ್ಕಳು ಎರಡನೆಯ ವಾರಕ್ಕೆ ಚದುರಿದರು. ಆಮೇಲೂ ಅದರೊಡನೆ ಉಳಿದ ಕೆಲವರ ಇಂಗ್ಲಿಷ್ ಮಾತ್ರ ಸುಧಾರಿಸಿತ್ತು.

ಇನ್ನೊಂದು ಸಂಗತಿ ಓದುಗರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಇಂಥ ಹಲವು ಪ್ರಯೋಗಗಳಲ್ಲಿ ರೋಬೋಟನ್ನು ಮರೆಯಲ್ಲಿ ಕುಳಿತ ಮನುಷ್ಯ ನಡೆಸುತ್ತಿರುತ್ತಾನೆ. ಮಕ್ಕಳ ಉಚ್ಚಾರಣೆಯನ್ನು ಯಂತ್ರ ಸರಿಯಾಗಿ ಹಿಡಿಯದಿರುವುದು ಇದಕ್ಕೆ ಒಂದು ಕಾರಣ. ಅಂದರೆ ರೋಬೋಟಿನದೆಂದು ಮಗು ಮೆಚ್ಚಿದ ಜಾಣತನದಲ್ಲಿ ಆ ಮನುಷ್ಯನ ಪಾಲೂ ಇದೆ. ಮನುಷ್ಯರಂತೆ ವಾಕ್ಯ ಹೆಣೆಯುವ ಈಗಿನ ಭಾಷಾ ಮಾದರಿಗಳು ಬಂದ ಮೇಲೆ ರೋಬೋಟ್ ತಾನೇ ಉತ್ತರಿಸಬಲ್ಲದು, ‘ತಾಳ್ಮೆಯಿಂದಿರು’ ಎಂದು ಬರೆದುಕೊಟ್ಟರೆ ಹಾಗೆ ನಡೆಯಲೂಬಲ್ಲದು. ಆದರೆ ಮಾತು ಲಂಬಿಸಿದಂತೆ ಅದೇ ಸ್ವಭಾವವನ್ನು ಉಳಿಸಿಕೊಳ್ಳುವುದು ಅದಕ್ಕೆ ಕಷ್ಟ.