ಹೆದರಿಸಿದ್ದು ದೆವ್ವವೋ, ಜಾಹೀರಾತೋ?

ದೆವ್ವದ ಸಿನಿಮಾ ಅಂದರೆ ನಿಮಗೆ ಮೊದಲು ನೆನಪಾಗೋದು ಯಾವುದು, ಸಿನಿಮಾವೋ ಅದರ ಜಾಹೀರಾತೋ? ನನಗಂತೂ ಜಾಹೀರಾತೇ. ಕೆದರಿದ ಕೂದಲು, ಬಿಳಿ ಸೀರೆ, ರಕ್ತ ತೊಟ್ಟಿಕ್ಕುವ ಹಾಗೆ ಬರೆದ ಹೆಸರು. ಕೆಳಗೆ, ಗರ್ಭಿಣಿಯರೂ ಎದೆ ಗಟ್ಟಿ ಇಲ್ಲದವರೂ ಬರಬೇಡಿ ಎಂಬ ಎಚ್ಚರಿಕೆ. ಬರಬೇಡಿ ಅಂದರೆ ಜನ ಬಂದೇ ಬರ್ತಾರೆ ಅನ್ನೋದು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು!

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಇವೆಲ್ಲ 2007ರವರೆಗೆ ಕೋಲಾರ ಜಿಲ್ಲೆಯ ಊರುಗಳು. ಪೇಪರು ಬೆಂಗಳೂರಿನಿಂದ ಬರಬೇಕು. ಅದರಲ್ಲಿ ದೊಡ್ಡ ಜಾಗವೆಲ್ಲ ಕೆಂಪೇಗೌಡ ರಸ್ತೆಯ ಟಾಕೀಸುಗಳಿಗೆ. ನಮ್ಮಂಥ ಊರಿನ ಹೆಸರು ಇದ್ದರೆ ಮೂಲೆಯಲ್ಲಿ, ಇರುವೆ ಸಾಲಿನ ಹಾಗೆ. ಚಿತ್ರ ನಮ್ಮ ಕಡೆ ಬರೋ ಹೊತ್ತಿಗೆ ತಿಂಗಳುಗಳೇ ಕಳೆಯೋವು. ಅಷ್ಟರಲ್ಲಿ ಅದೇ ಪೇಪರು ಅಂಗಡಿಯಲ್ಲಿ ಬೆಲ್ಲದ ಪೊಟ್ಟಣವಾಗಿ ಮನೆಗೆ ಬಂದು, ಅಡುಗೆಮನೆಯಲ್ಲೂ ಆ ಕಣ್ಣು ನಮ್ಮನ್ನೇ ನೋಡೋದು. ಸಿನಿಮಾ ಬಂದ ದಿನ ಜಟಕಾದ ಎರಡೂ ಬದಿಗೆ ಪೋಸ್ಟರ್ ಕಟ್ಟಿ, ಮೈಕಿನಲ್ಲಿ ಕೂಗುತ್ತಾ, ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲು ಎರಚಿಕೊಂಡು ಹೋಗೋರು. ಗಡಿಯ ಕಡೆ ಊರುಗಳಲ್ಲವೇ, ಆ ಕೂಗು ಕನ್ನಡದಲ್ಲೂ ತೆಲುಗಿನಲ್ಲೂ.

ಹೆದರಿಕೆ ಮಾರೋದರಲ್ಲಿ ಅಮೆರಿಕದವರು ನಮಗಿಂತ ಮುಂದು. ಅಲ್ಲಿ ಒಂದೇ ಟಿಕೇಟಿಗೆ ಎರಡು ಚಿತ್ರ ತೋರಿಸೋ ಪದ್ಧತಿ ಇತ್ತು. 1931ರಲ್ಲಿ ಬಂದಿದ್ದ ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’ ಎರಡನ್ನೂ 1938ರಲ್ಲಿ ಜೋಡಿ ಮಾಡಿ ಮತ್ತೆ ಬಿಟ್ಟರೆ ಜನ ಮುಗಿಬಿದ್ದರಂತೆ. 1958ರಲ್ಲಿ ‘ಮಕಾಬ್ರ್’ ಎಂಬ ಚಿತ್ರಕ್ಕೆ ಬಂದವರಿಗೆ, ನೋಡ್ತಾ ಹೆದರಿ ಸತ್ತರೆ ಸಾವಿರ ಡಾಲರ್ ಕೊಡುವುದಾಗಿ ವಿಮೆಯನ್ನೇ ಮಾಡಿಸಿದ್ದರು! ನಮ್ಮವರೇನು ಕಡಿಮೆ? 2008ರಲ್ಲಿ ನಮ್ಮ ಸುದೀಪ್ ನಟಿಸಿದ ಹಿಂದಿಯ ‘ಫೂಂಕ್’ ಬಂದಾಗ, ಟಾಕೀಸಿನಲ್ಲಿ ಒಬ್ಬರೇ ಕೂತು ಪೂರ್ತಿ ನೋಡಿದರೆ 5 ಲಕ್ಷ ರೂಪಾಯಿ ಅಂತ ರಾಮ್ ಗೋಪಾಲ್ ವರ್ಮಾ ಸಾರಿದ್ದರು. ಜೋಡಿ ಆಟ ಅಂತ ನಮ್ಮ ಕಡೆ ಏನಾದರೂ ಇದ್ದರೆ ಅದು ಶಿವರಾತ್ರಿಯದು. ಜಾಗರಣೆಯ ನೆಪ, ಮಧ್ಯರಾತ್ರಿ ಒಂದಾದ ಮೇಲೊಂದು ಆಟ. ಅವತ್ತು ಮಾತ್ರ ಹೆಂಗಸರೂ ಮಕ್ಕಳೂ ಅವರೆಕಾಳು ಉಸಲಿ ಕಟ್ಟಿಕೊಂಡು ಹೋದರೆ ಯಾರೂ ಬೇಡ ಅನ್ನುತ್ತಿರಲಿಲ್ಲ.

ಸೋದರಿಯರೇ, ಆ ಜಾಹೀರಾತುಗಳಲ್ಲಿ ಒಂದು ಮಾತು ಗಮನಿಸಿದ್ದೀರಾ? ದೆವ್ವ ಬಹುಪಾಲು ಹೆಣ್ಣೇ. ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ (1984) ಚಿತ್ರದ ರಾಕ್ಷಸನಂಥ ಗಂಡು ಅಪರೂಪ. 1979ರ ‘ನಾ ನಿನ್ನ ಬಿಡಲಾರೆ’ ನೆನಪಿದೆಯಲ್ಲ, ಅನಂತನಾಗ್, ಲಕ್ಷ್ಮಿ ಅವರದು? ಮುಂದೆ ಹಿಂದಿಯಲ್ಲಿ ‘ಮಂಗಲಸೂತ್ರ’ ಆಯಿತು. ಅದರಲ್ಲೂ ದೆವ್ವ ಹೆಣ್ಣೇ. ಆದರೆ ಮೆಟ್ಟಿಕೊಳ್ಳೋದು ಗಂಡಸನ್ನ, ಹೋರಾಡಿ ಉಳಿಸೋದು ಹೆಂಡತಿ. ಅದಕ್ಕೇ ಆ ಚಿತ್ರ ನನಗಿಷ್ಟ. ಬೇರೆ ಕಡೆ ಮೆಟ್ಟಿಸಿಕೊಳ್ಳೋದೂ ಹೆಣ್ಣೇ, ಬಡಿಸಿಕೊಳ್ಳೋದೂ ಹೆಣ್ಣೇ.

ತೆರೆಯ ಮೇಲಾದರೆ ಸರಿ, ಮನೆಯೊಳಗೆ? ತೆಲುಗಿನ ‘ರಾತ್ರಿ’ (1992) ನಮ್ಮ ಕಡೆ ಓಡಿದ ದಿನಗಳಲ್ಲಿ, ನಮ್ಮ ಬೀದಿಯ ಒಬ್ಬ ಹೊಸ ಸೊಸೆ ನೀರು ಸೇದುತ್ತಾ ಬಿದ್ದು ಕೈಕಾಲು ಸೆಟೆಸಿಕೊಂಡಳು. ಆಕೆ ಸಿನಿಮಾ ನೋಡಿಯೇ ಇರಲಿಲ್ಲ! ನೋಡಿದ್ದೆಲ್ಲ ಗೋಡೆಯ ಪೋಸ್ಟರು. ಆದರೂ ಅತ್ತೆ, ಓರಗಿತ್ತಿ ಎಲ್ಲ ಸೇರಿ ರೇವತಿಗೆ ಬಂದ ಹಾಗೇ ಇವಳಿಗೂ ಬಂದಿದೆ ಅಂದುಬಿಟ್ಟರು. ಮೂರು ಅಮಾವಾಸ್ಯೆ ಬೇವಿನ ಬರಲಿನ ಏಟು, ಮೆಣಸಿನಕಾಯಿ ಹೊಗೆ. ಕಡೆಗೆ ತವರಿನಿಂದ ಅಣ್ಣ ಬಂದು ಜಗಳ ಆಡಿ ಆಸ್ಪತ್ರೆಗೆ ಕರಕೊಂಡು ಹೋದ. ಮೂರ್ಛೆ ರೋಗ ಅಂದರು, ದಿನಾ ಮಾತ್ರೆ ಬರೆದರು.

ಇದೇ ಸೀಮೆಯವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕು ಹೊಸೂರಿನಿಂದ ನಡೆದೇ ಬೆಂಗಳೂರು ಸೇರಿ ಓದಿದ ಹುಡುಗ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡ, ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಆ ಸುದ್ದಿಯೂ ಪೇಪರಿನಲ್ಲೇ ಬಂತು. ಆದರೆ ಅದನ್ನು ಊರಲ್ಲಿ ಕೂಗಲು ಯಾವ ಜಟಕಾ ಬಂದೀತು, ಹೇಳಿ!

ಈಗ ಕಾನೂನೂ ಇದೆ. ದೆವ್ವ ಬಿಡಿಸುತ್ತೇವೆ ಅಂತ ಯಾರನ್ನಾದರೂ ಹೊಡೆಯೋದು, ಕಟ್ಟಿಹಾಕೋದು ನಮ್ಮ ರಾಜ್ಯದ 2017ರ ಮೌಢ್ಯ ತಡೆ ಕಾಯಿದೆಯ ಪ್ರಕಾರ ಅಪರಾಧ. 2020ರ ಜನವರಿಯಿಂದ ಜಾರಿಯಲ್ಲಿದೆ. ನಿಮ್ಮ ಬೀದಿಯಲ್ಲಿ ಅಂಥದ್ದು ನಡೆದರೆ ಪೊಲೀಸರಿಗೆ ಹೇಳಬಹುದು. ಯಾರಾದರೂ ಸೆಟೆದು ಬಿದ್ದರೆ ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಸುತ್ತ ನಿಂತವರನ್ನು ಸರಿಸಿ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ನಮ್ಮ ಬೀದಿಯ ಆಕೆಗೆ ಈಗ ಮೊಮ್ಮಕ್ಕಳು. ಟೀವಿಯಲ್ಲಿ ದೆವ್ವದ ಸಿನಿಮಾ ಬಂದರೆ ಎಲ್ಲರಿಗಿಂತ ಮುಂದೆ ಕೂತು ನೋಡೋದು ಆಕೆಯೇ.