ಆಮವಾತಪೀಡಿತರೂ ಕೊರೋನಾ ವ್ಯಾಧಿಯೂ

ಕ್ರಿ.ಶ. 2020ನೆಯ ವರ್ಷದ ಮಾರ್ಚಿ ತಿಂಗಳಿನಲ್ಲಿ ಕೊರೋನಾ ವ್ಯಾಧಿಯು ಕರ್ನಾಟಕವನ್ನು ಪ್ರವೇಶಿಸಿತು. ಚಾಮರಾಜನಗರ ಜಿಲ್ಲೆಯು ಕೇರಳ, ತಮಿಳುನಾಡುಗಳೆರಡಕ್ಕೂ ಎಲ್ಲೆಯಾಗಿದ್ದರೂ ಜೂನ್ ತಿಂಗಳವರೆಗೆ ರೋಗಮುಕ್ತವಾಗಿಯೇ ಉಳಿದು, ರಾಜ್ಯದ ಜಿಲ್ಲೆಗಳಲ್ಲಿ ಎಲ್ಲಕ್ಕೂ ಕಡೆಯದಾಗಿ ಅದಕ್ಕೆ ವಶವಾಯಿತು. ಈ ಸಂಗತಿಯನ್ನು ನಮ್ಮ ಸೀಮೆಯವರು ಸಂತೋಷದಿಂದ ಹೇಳಿಕೊಳ್ಳುವುದುಂಟು. ಆದರೆ ಆ ಅವಧಿಯಲ್ಲಿಯೇ, ಕೊರೋನಾ ಸೋಂಕದೆ ಇದ್ದರೂ ಅದರಿಂದ ಪೀಡಿತರಾದ ಒಂದು ವರ್ಗದ ರೋಗಿಗಳಿದ್ದರು. ಪ್ರಾತಃಕಾಲದಲ್ಲಿ ಬೆರಳ ಗಂಟುಗಳು ಬಿಗಿದು, ಚೆಂಡುಹೂವು ಬಿಡಿಸಲಾಗಲಿ ಅರಿಸಿನ ಕೀಳಲಾಗಲಿ ಕೈ ಬಾರದವರು ಇವರು. ಇವರ ವಿಷಯದಲ್ಲಿ ವೈದ್ಯಲೋಕವು ಈಚೆಗೆ ತಿಳಿದುಕೊಂಡುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಜನರು ಸಂಧಿವಾತವೆಂದು ಕರೆಯುವುದರಲ್ಲಿ ಭಿನ್ನವಾದ ಎರಡು ವ್ಯಾಧಿಗಳು ಸೇರಿಹೋಗಿವೆ. ವಯಸ್ಸಿನಿಂದ ಮಂಡಿ ಸವೆಯುವುದು ಒಂದು. ಮತ್ತೊಂದು, ಶರೀರವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತನ್ನವರಾರು ಪರರಾರು ಎಂಬ ವಿವೇಕವನ್ನು ಕಳೆದುಕೊಂಡು ಸ್ವಶರೀರದ ಮೇಲೆಯೇ ಬೀಳುವುದು. ರುಮಟಾಯ್ಡ್ ಸಂಧಿವಾತ, ಲೂಪಸ್ ಮೊದಲಾದವು ಈ ಎರಡನೆಯ ಗುಂಪಿನವು; ಆಟೊಇಮ್ಯೂನ್ ಎಂದು ವೈದ್ಯರು ಹೇಳುವುದು ಇವುಗಳನ್ನೇ. ಮಾಧವನಿದಾನದಲ್ಲಿ ಆಮವಾತಕ್ಕೆ ಪ್ರತ್ಯೇಕವಾದ ಅಧ್ಯಾಯವೇ ಇದೆ. ಪಕ್ವವಾಗದ ಆಮವು ವಾಯುವಿನಿಂದ ಪ್ರೇರಿತವಾಗಿ ಸಂಧಿಗಳನ್ನು ಸೇರಿ ಬಾವು ನೋವುಗಳನ್ನುಂಟುಮಾಡುವುದೆಂದು ಅಲ್ಲಿಯ ಅಭಿಪ್ರಾಯ. ಲಕ್ಷಣಗಳು ಬಹುಮಟ್ಟಿಗೆ ಹೊಂದುವುದರಿಂದ ಆ ಹೆಸರನ್ನು ನಾನಿಲ್ಲಿ ಬಳಸಿದ್ದೇನೆ. ಪ್ರಾಚೀನರಿಗೆ ಆಧುನಿಕ ಸಿದ್ಧಾಂತವೆಲ್ಲವೂ ತಿಳಿದಿತ್ತೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೆ ಗೌರವ ತರುವ ಕೆಲಸವಲ್ಲ.

ಇಂತಹ ರೋಗಕ್ಕೆ ಚಿಕಿತ್ಸೆಯೆಂದರೆ ಮದವೇರಿದ ಕಾವಲುಗಾರನನ್ನು ಹದ್ದಿನಲ್ಲಿಡುವುದು. ವಾರಕ್ಕೊಮ್ಮೆ ಸೇವಿಸತಕ್ಕ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್, ಸ್ಟೀರಾಯ್ಡ್ ಇವು ಸಾಮಾನ್ಯವಾದ ಔಷಧಗಳು. ಹೀಗಿರಲು, ಹೊಸ ಶತ್ರು ಬಂದಾಗ ಕಾವಲನ್ನು ದುರ್ಬಲಗೊಳಿಸಿಕೊಂಡಿರುವುದು ಸರಿಯೇ ಎಂಬ ಶಂಕೆ ರೋಗಿಗಳಲ್ಲಿ ಹುಟ್ಟಿದುದು ಸಹಜ. ಅದೇ ಕಾಲಕ್ಕೆ ಸಂಚಾರವೂ ನಿಂತಿತು. ಈ ರೋಗದ ತಜ್ಞರು ಬಹುಮಟ್ಟಿಗೆ ಮೈಸೂರು, ಬೆಂಗಳೂರುಗಳಲ್ಲಿರುವರು. ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಮೈಸೂರಿಗೆ ಸುಮಾರು 60 ಕಿಲೋಮೀಟರು. ಚಾಮರಾಜನಗರದ ರೈಲು ನಿಂತಿತು. ರೈಲೇ ಇಲ್ಲದ ಗುಂಡ್ಲುಪೇಟೆಗೆ ಬಸ್ಸೂ ಇಲ್ಲವಾಯಿತು.

ಔಷಧದ ಕಥೆಯು ಇನ್ನೂ ವಿಚಿತ್ರವಾದುದು. 2020ನೆಯ ಮಾರ್ಚಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ರೋಗಿಗಳ ಶುಶ್ರೂಷೆ ಮಾಡುವ ಸಿಬ್ಬಂದಿಯು ಮುನ್ನೆಚ್ಚರಿಕೆಗಾಗಿ ಹೈಡ್ರಾಕ್ಸಿಕ್ಲೋರೊಕ್ವಿನ್ ಸೇವಿಸಬಹುದೆಂದು ಸೂಚಿಸಿತು. ಕೂಡಲೇ ರೋಗವಿಲ್ಲದವರೂ ಅದನ್ನು ಕೊಂಡು ಶೇಖರಿಸಲಾಗಿ, ವರ್ಷಗಟ್ಟಳೆಯಿಂದ ಅದನ್ನೇ ನಂಬಿದ್ದ ಲೂಪಸ್ ರೋಗಿಗಳಿಗೆ ದೇಶದ ಹಲವೆಡೆ ಅದು ದುರ್ಲಭವಾಯಿತು. ಈ ಔಷಧದ ಕುಲಮೂಲವು ಕ್ವಿನೈನ್. ಗುಂಡ್ಲುಪೇಟೆಯಿಂದ ಬಂಡೀಪುರ, ಗೂಡಲೂರುಗಳ ಮಾರ್ಗವಾಗಿ ಊಟಿಗೆ ಹೋಗುವವರು ಕಾಣುವ ನಡುವಟ್ಟದಲ್ಲಿ 1860ರ ದಶಕದಿಂದ ಸಿಂಕೋನ ಮರಗಳನ್ನು ಬೆಳೆಸಿದುದು ಆ ಕ್ವಿನೈನಿಗಾಗಿಯೇ. ಮಲೇರಿಯಾಕ್ಕೆಂದು ಹುಟ್ಟಿದ ಔಷಧಕುಲವು ಲೂಪಸಿಗೂ ಹಿತವೆಂಬುದು 1951ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರಿಂದ ಪ್ರಸಿದ್ಧಿಗೆ ಬಂದಿತು. ಕೊರೋನಾಕ್ಕೆ ಮಾತ್ರ ಅದು ನಿಷ್ಪ್ರಯೋಜಕವೆಂದು 2020ನೆಯ ಜೂನಿನಲ್ಲಿ ಇಂಗ್ಲೆಂಡಿನ ರಿಕವರಿ ಎಂಬ ದೊಡ್ಡ ಪರೀಕ್ಷೆಯು ತೋರಿಸಿತು. ಬೇಕಾದವರಿಗೆ ದೊರೆಯದೆ ಬೇಡವಾದವರ ಮನೆಯಲ್ಲಿ ಕುಳಿತ ಔಷಧವಿದು.

ಇನ್ನು ಮುಖ್ಯ ಪ್ರಶ್ನೆ: ಔಷಧ ಸೇವಿಸುವವರಿಗೆ ಕೊರೋನಾ ಹೆಚ್ಚು ಮಾರಕವೇ? ಅನೇಕ ದೇಶಗಳ ತಜ್ಞರು ಸೇರಿ ಕಲೆಹಾಕಿ 2021ರಲ್ಲಿ ಪ್ರಕಟಿಸಿದ 3729 ರೋಗಿಗಳ ವೃತ್ತಾಂತದಲ್ಲಿ 390 ಮಂದಿ ಮೃತರಾಗಿದ್ದರು. ವೈದ್ಯರು ಸ್ವೇಚ್ಛೆಯಿಂದ ವರದಿಮಾಡಿದ ಪಟ್ಟಿಯಲ್ಲಿ ಪ್ರಬಲ ರೋಗಿಗಳೇ ಅಧಿಕವಾಗಿ ಸೇರುವರಾದುದರಿಂದ, ಇದನ್ನು ಎಲ್ಲರ ಮರಣಪ್ರಮಾಣವೆಂದು ಗ್ರಹಿಸಲಾಗದು. ಒಬ್ಬರನ್ನೊಬ್ಬರೊಡನೆ ಹೋಲಿಸಲು ಮಾತ್ರ ಅದು ಸಾಧನ. ವೃದ್ಧಾಪ್ಯ, ಹೃದಯ ಶ್ವಾಸಕೋಶಗಳ ರೋಗ ಇವು ಎಲ್ಲರಲ್ಲಿಯೂ ಇರುವಂತೆಯೇ ಇಲ್ಲಿಯೂ ಅಪಾಯಕಾರಿಗಳು. ರಿಟುಕ್ಸಿಮ್ಯಾಬ್ ಪಡೆದವರಲ್ಲಿಯೂ, ದಿನಕ್ಕೆ 10 ಮಿಲಿಗ್ರಾಮಿಗೆ ಮೀರಿ ಪ್ರೆಡ್ನಿಸೊಲೋನ್ ಸೇವಿಸುತ್ತಿದ್ದವರಲ್ಲಿಯೂ ಮರಣ ಹೆಚ್ಚು. ಮೆಥೊಟ್ರೆಕ್ಸೇಟ್ ಒಂದನ್ನೇ ಸೇವಿಸುತ್ತಿದ್ದವರಿಗಿಂತ ರೋಗಶಮನದ ಔಷಧವಾವುದನ್ನೂ ಸೇವಿಸದಿದ್ದವರ ಗತಿಯು ಕೆಟ್ಟದಾಗಿತ್ತು. ವಾತರೋಗವು ಉದ್ರಿಕ್ತವಾಗಿದ್ದವರಲ್ಲಿಯೂ ಮರಣ ಹೆಚ್ಚಿತ್ತು. ಈ ಕಡೆಯ ಮಾತನ್ನೇ ನಮ್ಮ ಜನರು ಮುಖ್ಯವಾಗಿ ಅರಿಯಬೇಕು. ಭಯದಿಂದ ಮಾತ್ರೆಯನ್ನು ಬಿಟ್ಟವನು ಕಾವಲನ್ನು ಬಲಪಡಿಸಿದವನಲ್ಲ, ಮನೆಯೊಳಗಿನ ಕಲಹವನ್ನು ಪುನಃ ಎಬ್ಬಿಸಿದವನು. ಕರ್ನಾಟಕದ ತಜ್ಞರೂ ತಮ್ಮ ಸಂಘದ ಆಶ್ರಯದಲ್ಲಿ ಇಲ್ಲಿಯ ರೋಗಿಗಳನ್ನು ಅನುಸರಿಸಿ ನೋಡಿ ತಮ್ಮ ವರದಿಗಳನ್ನು ಪ್ರಕಟಿಸಿರುವರು.

ಸ್ಟೀರಾಯ್ಡಿನ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ಎರಡು ಕಡೆಗೂ ಸಾಕ್ಷಿ ನುಡಿಯುತ್ತದೆ. ಸೋಂಕಿಗೆ ಮೊದಲೇ ಬಹುಪ್ರಮಾಣದಲ್ಲಿ ಸೇವಿಸುತ್ತಿದ್ದವರಿಗೆ ಕೇಡು. ಸೋಂಕು ಬಲಿತು ಪ್ರಾಣವಾಯು ಬೇಕಾದವರಿಗೆ ಹಿತ. ಡೆಕ್ಸಾಮೆಥಾಸೋನ್ ಎಂಬ ಅಲ್ಪಬೆಲೆಯ ಸ್ಟೀರಾಯ್ಡು, ಉಸಿರಾಟದ ಯಂತ್ರಕ್ಕೆ ಒಳಪಟ್ಟವರ ಮರಣವನ್ನು ಸುಮಾರು ಮೂರನೆಯ ಒಂದು ಪಾಲಿನಷ್ಟೂ, ಪ್ರಾಣವಾಯುವನ್ನು ಮಾತ್ರ ಪಡೆಯುತ್ತಿದ್ದವರ ಮರಣವನ್ನು ಐದನೆಯ ಒಂದು ಪಾಲಿನಷ್ಟೂ ತಗ್ಗಿಸಿತೆಂದು ಅದೇ ರಿಕವರಿ ಪರೀಕ್ಷೆಯು ತೋರಿಸಿತು. ಪ್ರಾಣವಾಯು ಬೇಡದವರಿಗೆ ಅದರಿಂದ ಪ್ರಯೋಜನವಿಲ್ಲ. ವ್ಯಾಧಿಯ ಉತ್ತರಾರ್ಧದಲ್ಲಿ ಶ್ವಾಸಕೋಶವನ್ನು ಕೆಡಿಸುವುದು ಬಹುಮಟ್ಟಿಗೆ ಕಾವಲಿನ ಉನ್ಮಾದವೇ ಆದುದರಿಂದ ಹೀಗಾಗುತ್ತದೆ. ಆಮವಾತಕ್ಕೆಂದು ಬಳಸುತ್ತಿದ್ದ ಟೊಸಿಲಿಜುಮ್ಯಾಬ್, ಬ್ಯಾರಿಸಿಟಿನಿಬ್ ಎಂಬ ಔಷಧಗಳೂ ಕ್ರಮೇಣ ಕೊರೋನಾ ಚಿಕಿತ್ಸೆಗೆ ಸೇರಿದವು. ಆದರೆ ಔಷಧವು ಅಗ್ಗವಾದ ಮಾತ್ರಕ್ಕೆ ಎಲ್ಲವೂ ಆಗಲಿಲ್ಲ. 2021ನೆಯ ಮೇ 2 ಮತ್ತು 3ರಂದು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಪ್ರಾಣವಾಯುವಿನ ಕೊರತೆಯ ನಡುವೆ 24 ಮಂದಿ ಮೃತರಾದುದನ್ನು ಈ ಸೀಮೆಯು ಮರೆತಿಲ್ಲ.

ಬಹುಕಾಲ ಸ್ಟೀರಾಯ್ಡ್ ಸೇವಿಸಿದವರು ಅದನ್ನು ಥಟ್ಟನೆ ನಿಲ್ಲಿಸಲೂ ಕೂಡದು. ಶರೀರವು ತಾನೇ ಉತ್ಪಾದಿಸಬೇಕಾದುದನ್ನು ಮರೆತಿರುವುದರಿಂದ, ರಕ್ತದ ಒತ್ತಡವು ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಹೆಸರು ತಿಳಿಸದೆ ಕೊಟ್ಟ ನೋವಿನ ಪುಡಿಗಳನ್ನು ನುಂಗುವವರಿಗೆ ತಾವು ಸ್ಟೀರಾಯ್ಡ್ ಸೇವಿಸುತ್ತಿದ್ದೇವೆಂಬುದೇ ತಿಳಿದಿರುವುದಿಲ್ಲ. ಇವರ ಸ್ಥಿತಿ ಎಲ್ಲರಿಗಿಂತಲೂ ಶೋಚನೀಯ.

ಲಸಿಕೆಯ ವಿಷಯ. 2021ನೆಯ ಮಾರ್ಚಿ 1ರಿಂದ 45 ವರ್ಷ ದಾಟಿದ ರೋಗಿಗಳಿಗೆ ಲಸಿಕೆ ಆರಂಭವಾದಾಗ, ದೀರ್ಘಕಾಲ ಸ್ಟೀರಾಯ್ಡ್ ಮೊದಲಾದ ನಿರೋಧಶಮನ ಔಷಧಗಳನ್ನು ಸೇವಿಸುವವರೂ ಅರ್ಹರ ಪಟ್ಟಿಯಲ್ಲಿದ್ದರು. ಈ ಲಸಿಕೆಗಳಲ್ಲಿ ವೃದ್ಧಿಯಾಗತಕ್ಕ ಸಜೀವ ವೈರಾಣುವಿಲ್ಲವಾದ ಕಾರಣ ಇವರು ಅಂಜಬೇಕಾದುದಿಲ್ಲ. ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಮಾತ್ರ ಲಸಿಕೆಯು ಅನೇಕ ತಿಂಗಳು ಸರಿಯಾಗಿ ಹತ್ತುವುದಿಲ್ಲ. ಪುನರ್ಲಸಿಕೆಯ ತರುವಾಯ ಮೆಥೊಟ್ರೆಕ್ಸೇಟನ್ನು ಎರಡು ವಾರ ತಡೆದರೆ ಪ್ರತಿಕಾಯಗಳು ಸುಮಾರು ಇಮ್ಮಡಿಯಾಗುವುವೆಂದು 2022ರಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದು ಕಂಡುಕೊಂಡಿತು. ಕೆಲವರಲ್ಲಿ ಕೀಲುನೋವು ಸ್ವಲ್ಪಕಾಲ ಕೆರಳಿತೆಂಬುದೂ ಅದರಲ್ಲಿಯೇ ಇದೆ. ಆದಕಾರಣ ಆ ಎರಡು ವಾರಗಳನ್ನು ನಿರ್ಣಯಿಸತಕ್ಕವರು ವೈದ್ಯರೇ ಹೊರತು ರೋಗಿಯಲ್ಲ. ಮೈಸೂರಿಗೆ ಹೋಗಲಾಗದ ಕಾಲದಲ್ಲಿ ದೂರವಾಣಿಯಿಂದ ಕೇಳಿಯಾದರೂ ತಿಳಿದುಕೊಳ್ಳಬಹುದು. ಔಷಧಗಳ ಹೆಸರನ್ನೂ ಪ್ರಮಾಣವನ್ನೂ ಬರೆದ ಚೀಟಿಯೊಂದು ಮನೆಯಲ್ಲಿದ್ದರೆ, ಕೇಳುವವರಿಗೂ ಹೇಳುವವರಿಗೂ ಅನುಕೂಲ.